ದಾರ ಕಟ್ಟದ ಸಾಲು

ಕೆಲಸದಲ್ಲಿ ತೃಪ್ತಿ ಸಿಗುತ್ತದೆ ಎನ್ನುವವರನ್ನು ನಾನು ಚರ್ಚಾಸ್ಪರ್ಧೆಗಳಲ್ಲಿ ಸಾಕಷ್ಟು ಸಲ ಸೋಲಿಸಿದ್ದೇನೆ. ತೃಪ್ತಿ ಅಷ್ಟು ದೊಡ್ಡದಾಗಿದ್ದರೆ ಮಾಲೀಕರು ಅದನ್ನೇ ಇಟ್ಟುಕೊಂಡು ಲಾಭವನ್ನು ಯಾಕೆ ನಮಗೆ ಬಿಟ್ಟುಕೊಡುವುದಿಲ್ಲ? ಬ್ಯಾಡಗಿಯಲ್ಲಿ ಈ ಪ್ರಶ್ನೆ ಕೇಳಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು, ಉಳಿದರ್ಧ ಸೀನುತ್ತಿತ್ತು. ಅದು ಮಾರ್ಕೆಟ್ಟಿಗೆ ಮೆಣಸಿನಕಾಯಿ ಬರುವ ಕಾಲ.

ಇಂಥ ನಾನು ಕೃಷಿ ಪದವಿ ಮುಗಿಸಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿ ಸೇರಿದೆ. ಹಲಗೇರಿ ಕಡೆ ಹೈಬ್ರಿಡ್ ಹತ್ತಿಬೀಜ ಬೆಳೆಯುವವರ ಹೊಲಗಳನ್ನು ನೋಡಿಕೊಳ್ಳುವ ಕೆಲಸ. ಅದೇ ಹೊತ್ತಿಗೆ ಸೋದರಮಾವ ಹಾವೇರಿಯಲ್ಲಿ ಫ್ಯಾನಿನ ಕೆಳಗೆ ಕೂರುವ ನೌಕರಿಯೊಂದಕ್ಕೆ ಮಾತಾಡಿಟ್ಟಿದ್ದರು. ಹತ್ತಿಯ ಹಂಗಾಮು ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಮನಸ್ಸಿನಲ್ಲಿ ನಾನು ಆಗಲೇ ಹಾವೇರಿಯಲ್ಲಿದ್ದೆ.

ಹೈಬ್ರಿಡ್ ಬೀಜ ತಾನಾಗಿ ಆಗುವಂಥದ್ದಲ್ಲ. ಸಂಜೆ ಹೆಣ್ಣು ಗಿಡದ ಮೊಗ್ಗನ್ನು ಉಗುರಿನಿಂದ ಸುಲಿದು, ಕೇಸರ ತೆಗೆದು, ಕೆಂಪು ಕಾಗದ ಮುಚ್ಚಬೇಕು. ಬೆಳಿಗ್ಗೆ ಕಾಗದ ತೆಗೆದು ಇನ್ನೊಂದು ತಳಿಯ ಗಂಡು ಹೂವನ್ನು ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಕಣ್ತಪ್ಪಿ ಉಳಿದ ಹೂವೂ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ನೋಡಲು ಎರಡೂ ಒಂದೇ. ಹಾಗಾಗಿ ದಾರವಿಲ್ಲದ ಕಾಯಿಯನ್ನೆಲ್ಲ ಕಿತ್ತು ಬಿಸಾಡಬೇಕು. ಈ ನಿಯಮವನ್ನು ಹೇಳುವವನೂ ನಾನೇ, ಕೀಳಿಸುವವನೂ ನಾನೇ.

ಒಂದು ಹೊಲದ ಒಡತಿ ನಲವತ್ತರ ಆಸುಪಾಸಿನವರು. ಗಂಡ ಪೇಟೆಯಲ್ಲಿ ಅಂಗಡಿ ನೋಡಿಕೊಂಡರೆ ಹೊಲ ಪೂರ್ತಿ ಇವರದೇ. ನಾನು ಸಂಜೆ ಬದುವಿನ ಮೇಲೆ ನಿಂತು, ಈ ಕೆಲಸದಲ್ಲಿ ಕೂಲಿ ಬಿಟ್ಟು ಇನ್ನೇನಿದೆ ತೋರಿಸಿ ಎಂದು ಎಲ್ಲರನ್ನೂ ಕೆಣಕುತ್ತಿದ್ದೆ. ಸಾಹೇಬರಿಗೆ ಮದುವೆ ತಡವಾಗಿದೆ, ಅದಕ್ಕೇ ಹೂವಿನ ಮದುವೆ ಕಂಡರೆ ಉರಿ ಎಂದು ಕೆಲಸದ ಹೆಂಗಸರು ನಗುತ್ತಿದ್ದರು. ಒಡತಿ ಒಂದು ದಿನ ಬದುವಿನ ಪಕ್ಕದ ಸಾಲು ತೋರಿಸಿದರು.

“ಬರೇ ಮಾತಾಡಿದ್ರ ಬಾಯಿ ಬ್ಯಾನಿ ಅಕ್ಕೈತ್ರಿ ಸಾಹೇಬ್ರ. ಇದೊಂದು ಸಾಲು ನಿಮ್ದು. ಕೂಲೀನೂ ಕೊಡ್ತೇನಿ.”

ಸವಾಲು ಬಿಡುವ ಜಾತಿ ನನ್ನದಲ್ಲ. ಸಂಜೆ ಉಗುರು ಹಸಿರಾಗುವವರೆಗೆ ಮೊಗ್ಗು ಸುಲಿದೆ. ಮೊದಲಿನವು ಕೈಯಲ್ಲೇ ಮುರಿದವು, ಆಮೇಲೆ ಕೈ ಪಳಗಿತು. ಬೆಳಿಗ್ಗೆ ಜೇಬಿನಲ್ಲಿ ದಾರದ ಉಂಡೆ ಇಟ್ಟುಕೊಂಡು ಗಂಡು ಹೂ ಸವರುತ್ತ ಹೊರಟೆ. ಅಷ್ಟರಲ್ಲಿ ಪಕ್ಕದ ಸಾಲಿನಿಂದ ಒಬ್ಬಳು, ಹಾಗಾದರೆ ದಿನಾ ವಾದ ಮಾಡುವುದಕ್ಕೆ ನಿಮಗೆ ಯಾರು ಕೂಲಿ ಕೊಡುತ್ತಾರೆ ಎಂದು ಕೇಳಿಬಿಟ್ಟಳು. ಅದಕ್ಕೆ ಉತ್ತರ ಕೊಡುತ್ತ ಹೂವಿಂದ ಹೂವಿಗೆ ನಡೆದೆ. ಸಾಲು ಮುಗಿಯುವಷ್ಟರಲ್ಲಿ ಅವಳ ಬಾಯಿ ಮುಚ್ಚಿಸಿದ್ದೆ. ಕೂಲಿ ಇಸಿದುಕೊಂಡು ಗೆದ್ದವನ ಹಾಗೆ ಬೈಕ್ ಹತ್ತಿದೆ.

ಮುಂದಿನ ವಾರ ತಪಾಸಣೆಗೆ ಹೋದಾಗ ಒಂದು ಸಾಲಿನಲ್ಲಿ ಗೋಲಿ ಗಾತ್ರದ ಕಾಯಿಗಳು ನಿಂತಿದ್ದವು, ಒಂದಕ್ಕೂ ದಾರವಿಲ್ಲ. ಯಾರ ಸಾಲು ಇದು ಎಂದು ಜೋರು ಮಾಡಿದೆ.

“ಇದ ಸಾಲಿನ್ಯಾಗ ನಿಂತು ನೀವು ನಮ್ಮನ್ನ ಸೋಲಿಸಿದ್ರಲ್ರಿ,” ಎಂದರು ಒಡತಿ. ಹೊಲವೆಲ್ಲ ನಕ್ಕಿತು.

ವಾದದ ಭರದಲ್ಲಿ ದಾರ ಕಟ್ಟುವುದನ್ನೇ ಮರೆತಿದ್ದೆ. ನನಗೆ ಮಾತ್ರ ನಗು ಬರಲಿಲ್ಲ. ಒಂದೂ ಹೂ ಬಿಟ್ಟಿಲ್ಲ, ಪ್ರತಿಯೊಂದೂ ನೆನಪಿದೆ, ಬಾಗಿದ ಟೊಂಗೆಯ ಕೆಳಗಿನದನ್ನು ಮೊಣಕಾಲೂರಿ ಮಾಡಿದ್ದೇನೆ ಎಂದು ವಾದಿಸಿದೆ. ದಾರವಿಲ್ಲದ್ದು ನಮ್ಮ ಕಾಯಲ್ಲ ಎಂದವರು ಯಾರು ಎಂದು ಒಡತಿ ಕೇಳಿದರು. ನಾನೇ. ಆದರೂ ಒಪ್ಪದೆ, ಈ ಸಾಲಿಗೊಂದು ವಿನಾಯಿತಿ ಇರಲಿ ಎಂದು ಅಂಗಲಾಚುವಷ್ಟು ಕೆಳಗಿಳಿದೆ. ಆಗ ಅವರು ತಣ್ಣಗೆ ಕೇಳಿದರು:

“ಕೂಲಿ ಮುಟ್ಟೇತಲ್ರಿ. ಕಾಯಿ ಹೋದ್ರ ನಿಮಗೇನು ಹೋತು?”

ನನ್ನ ವಾದವನ್ನು ನಾನೂ ಇಷ್ಟು ಚೊಕ್ಕವಾಗಿ ಮಂಡಿಸಿರಲಿಲ್ಲ. ಒಬ್ಬಾಕೆ ಕೀಳಲು ಮುಂದೆ ಬಂದಾಗ ಬೇಡ ಎಂದು ತಡೆದು, ಸಾಲನ್ನು ನಾನೇ ಕಿತ್ತೆ. ಬಾಗಿದ ಟೊಂಗೆಯ ಹತ್ತಿರ ಕೈ ಸ್ವಲ್ಪ ತಡೆಯಿತು.

ಒಡತಿ ಗಿಡಗಳ ತುದಿ ನೋಡುತ್ತಿದ್ದರು. “ಮೊಗ್ಗು ಇನ್ನೂ ಅದಾವು. ಸಂಜೀಕ ಬರ್ತೀರೇನು?”

“ಕೂಲಿ?”

“ಇಲ್ರಿ.”

ಸಂಜೆ ಎಲ್ಲರಿಗಿಂತ ಮೊದಲು ಹೋಗಿದ್ದೆ. ಮರುದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಒಂದೊಂದಕ್ಕೂ ದಾರ ಕಟ್ಟಿದೆ. ಕೆಲವಕ್ಕೆ ಎರಡೆರಡು ಗಂಟು.

ಹಂಗಾಮು ಮುಗಿಯುವ ಹೊತ್ತಿಗೆ ಮಾವನ ಫೋನ್ ಬಂತು. ಬರುವುದಿಲ್ಲ ಎಂದೆ. ಈಗಿರುವ ಕಂಪನಿಯಲ್ಲಿ ಸಂಬಳ ಹೆಚ್ಚೇ ಎಂದರು, ಕಡಿಮೆ ಎಂದೆ. ಮತ್ತೇಕೆ ಎಂದರು. ನಾಲ್ಕು ಕಾರಣ ಕೊಟ್ಟೆ. ಅವರು ಜೀವನದಲ್ಲಿ ವೇದಿಕೆ ಹತ್ತಿದವರಲ್ಲ, ಆದರೂ ನಾಲ್ಕನ್ನೂ ಸಲೀಸಾಗಿ ಮುರಿದು ಹಾಕಿದರು. ಸರಿಯಾಗಿಯೇ ಮುರಿದರು ಎಂದು ಒಪ್ಪಿಕೊಂಡೆ, ಹಾವೇರಿಗೆ ಹೋಗಲಿಲ್ಲ. ಸಂಬಳ ಹೆಚ್ಚಿಸಿ ಎಂದು ಕಂಪನಿಯ ಜೊತೆ ಮಾತ್ರ ಈಗಲೂ ಜಗಳವಿದೆ, ಅದರಲ್ಲಿ ನಾನು ಸೋಲುವವನಲ್ಲ.