ಬಂದ ಮಡಕೆ, ಮಾಡಿದ ಮಡಕೆ

ದುಬೈಯ ಊದ್ ಮೇಥಾದ ನಮ್ಮ ಫ್ಲ್ಯಾಟಿನ ಕರೆಂಟು ಒಲೆಯ ಮೇಲೆ ಊರಿನ ಮಣ್ಣಿನ ಬಿಸಲೆ ಕೂರುವುದಿಲ್ಲ. ಅದರ ತಳ ಉರುಟು, ಒಲೆಯ ಮೈ ಚಪ್ಪಟೆ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಕೂಸಿನ ಹಾಗೆ ಸುತ್ತಿಕೊಂಡು ತಂದ ಪಾತ್ರೆ ಮೊದಲ ದಿನವೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಬಂಗುಡೆ ಸಾರನ್ನು ಅರ್ಧ ಚೆಲ್ಲಿ, ತನ್ನ ಅಸಮ್ಮತಿಯನ್ನು ಸ್ಪಷ್ಟವಾಗಿಯೇ ತಿಳಿಸಿತು. ಉರುಟು ತಳದ ಪಾತ್ರೆ ಬೇಡುವುದು ಮೂರು ಕಲ್ಲಿನ ಒಲೆಯನ್ನು, ಕೆಳಗೆ ಬೆಂಕಿಯನ್ನು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ ಒಬ್ಬ ಹೆಂಗಸನ್ನು. ಪಾತ್ರೆಯ ತಳ ನೋಡಿದರೆ ಅಡುಗೆ ಮಾಡಿದವರು ಹೇಗೆ ಕೂತಿದ್ದರು ಎಂಬುದನ್ನು ಹೇಳಬಹುದು ಎಂಬುದು ನನಗೆ ಹೊಳೆದದ್ದು ಆವತ್ತು, ನೆಲ ಒರೆಸುತ್ತಿರುವಾಗ.

ಇಂಥ ಹೊಳಹುಗಳಿಗೆ ಸಂಬಳ ಸಿಗುವುದಿಲ್ಲ. ನನಗೆ ಸಂಬಳ ಸಿಗುತ್ತಿದ್ದುದು ಕಾಂಕ್ರೀಟನ್ನು ಪರೀಕ್ಷಿಸುವುದಕ್ಕೆ. ಕುಂದಾಪುರದ ಕಡೆಯವಳಾದ ನಾನು ಭೂವಿಜ್ಞಾನ ಓದಿ, ಮದುವೆಯಾಗಿ, ದುಬೈಗೆ ಬಂದು, ಕಟ್ಟಡ ಸಾಮಗ್ರಿಗಳ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಸೇರಿಕೊಂಡೆ. ಕಲ್ಲನ್ನೋ ಕಾಂಕ್ರೀಟನ್ನೋ ಬೆಳಕು ಹಾಯುವಷ್ಟು ತೆಳ್ಳಗೆ ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರಲ್ಲಿ ಏನೇನಿದೆ ಎಂದು ಹೇಳುವುದು ನನ್ನ ಕೆಲಸ. ಸೀಳುವ ಯಂತ್ರ ಲವೀನಾಳದು. ಮಂಗಳೂರಿನ ಕೊಂಕಣಿ ಕ್ರಿಸ್ತುವರ ಹುಡುಗಿ, ನನಗಿಂತ ಚಿಕ್ಕವಳು, ನಾಲಿಗೆ ಮಾತ್ರ ಅವಳ ಯಂತ್ರದಷ್ಟೇ ಚೂಪು.

ಆ ಪ್ರಯೋಗಾಲಯಕ್ಕೆ ಒಂದು ಚಳಿಗಾಲದಲ್ಲಿ ಇಂಗ್ರಿಡ್ ಬಂದಳು. ಉತ್ತರದ ಮರಳಿನಲ್ಲಿ ಹಳೆಯ ಮೀನುಗಾರರ ನೆಲೆಯೊಂದನ್ನು ಅಗೆಯುತ್ತಿದ್ದ ಪುರಾತತ್ವಜ್ಞೆ ಅವಳು. ಬಿಸಿಲಿಗೆ ಮೂಗು ಸುಲಿದ, ನಗುಮುಖದ ಹೆಂಗಸು. ಅವಳ ಡಬ್ಬಿಯಲ್ಲಿ ಮಸಿ ಹಿಡಿದ ಮಡಕೆಯ ಚೂರುಗಳಿದ್ದವು. ಮುಟ್ಟಿದ ಕೂಡಲೇ ನನ್ನ ಬೆರಳುಗಳಿಗೆ ಗುರುತು ಹತ್ತಿತು. ಉರುಟು ತಳ, ಹೊರಮೈಯಲ್ಲಿ ಮರದ ಹಲಿಗೆಯಿಂದ ತಟ್ಟಿದ ಗುರುತು, ಒಳಮೈಯಲ್ಲಿ ಆ ಏಟಿಗೆ ಎದುರಾಗಿ ಗುಂಡುಕಲ್ಲು ಹಿಡಿದ ತಗ್ಗು. ನಮ್ಮ ಕಡಲತೀರದಲ್ಲಿ ಇವತ್ತಿಗೂ ಮಡಕೆಯ ಹೊಟ್ಟೆ ಉಬ್ಬಿಸುವುದು ಹೀಗೇ. ಇಂಗ್ರಿಡ್‌ಗೂ ಅದು ಗೊತ್ತಿತ್ತು. "ಭಾರತದಿಂದ ಹಡಗಿನಲ್ಲಿ ಬಂದದ್ದು, ಅನುಮಾನವಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ಮಣ್ಣು ಯಾವ ತೀರದ್ದು ಅಂತ ಮಾತ್ರ ಹೇಳಿ, ಸಾಕು."

ಲವೀನಾ ಸೀಳಿಕೊಟ್ಟಳು, ನಾನು ನೋಡಿದೆ. ನಮ್ಮ ತೀರದ ಮಣ್ಣಿನಲ್ಲಿ ಇರಬೇಕಾದದ್ದು ಅಲ್ಲಿರಲಿಲ್ಲ. ಇದ್ದದ್ದು ಹಸಿರು ಛಾಯೆಯ, ಹಾವಿನ ಚರ್ಮದ ಹಾಗೆ ಬಲೆಬಲೆಯಾದ ಕಲ್ಲಿನ ಕಣಗಳು. ಅವು ಇಲ್ಲಿನ ಪೂರ್ವದ ಬೆಟ್ಟಗಳವು. ಮಳೆ ಬಂದಾಗ ತೊರೆಗಳು ಅಲ್ಲಿಂದ ಹೊತ್ತು ತಂದು ಬಯಲಿನಲ್ಲಿ ಸುರಿಯುವ ಮಣ್ಣು ಅದು. ಇನ್ನೊಂದು ಚೂರು ಸೀಳಿದೆವು, ಮತ್ತೊಂದು ಸೀಳಿದೆವು. ಎಲ್ಲದರಲ್ಲೂ ಅದೇ ಹಸಿರು.

"ಹಾಗಾದ್ರೆ ಮಡಕೆ ಬಂದದ್ದಲ್ಲ ಮಾರಾಯ್ತಿ," ಎಂದಳು ಲವೀನಾ, ಕಣ್ಣು ಮಸೂರಕ್ಕೇ ಅಂಟಿಸಿಕೊಂಡು. "ಮಾಡುವವಳು ಬಂದದ್ದು."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ, ಮಾಡಿದ್ದು 'ಅವಳು' ಎಂಬುದಕ್ಕೆ ಆಧಾರವೇನು ಎಂದು ಇಂಗ್ರಿಡ್ ಕೇಳಿದಳು. ಆಧಾರವಿರಲಿಲ್ಲ, ಇವತ್ತಿಗೂ ಇಲ್ಲ. ಆದರೂ ಆ ದಿನದಿಂದ ನನಗೆ ಅವಳು ಅವಳೇ.

ನೀವು ಕೇಳಬಹುದು, ಹಸಿರು ಕಣ ಸಿಕ್ಕಿದ ಮೇಲೆ ಇನ್ನೇನು ಬೇಕು ಎಂದು. ಕಲ್ಲಿನ ಸಾಕ್ಷ್ಯ ಮಣ್ಣು ಎಲ್ಲಿಯದೆಂದು ಹೇಳೀತೇ ಹೊರತು, ಆ ಮಣ್ಣು ನಮ್ಮ ತಟ್ಟುವ ರೀತಿಗೆ ಬಗ್ಗುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಮಾಡಿಯೇ ನೋಡಬೇಕು. ಹಳೆಯ ವಸ್ತುವನ್ನು ಹಳೆಯ ರೀತಿಯಲ್ಲೇ ಮತ್ತೆ ಮಾಡಿ, ಬಳಸಿ, ಒಡೆದು, ಒಡಕನ್ನು ಹಳೆಯ ಒಡಕಿನ ಪಕ್ಕದಲ್ಲಿಟ್ಟು ನೋಡುವುದು ಇಂಗ್ರಿಡ್‌ಳ ವಿದ್ಯೆಯ ಒಂದು ಕವಲು. ಬೆಟ್ಟದ ಬುಡದಲ್ಲಿ ಅವಳ ಪರಿಚಯದವರ ತೋಟವೊಂದಿತ್ತು. ರಜಾದಿನಗಳಲ್ಲಿ ನಾನೂ ಲವೀನಾಳೂ ಅಲ್ಲಿಗೆ ಹೋಗಿ, ತೊರೆಯ ಮಣ್ಣು ಅಗೆದು, ಸೋಸಿ, ಕಲಸಿ, ಹಲಿಗೆ ಹಿಡಿದು ಕೂತೆವು.

ಆ ಮಣ್ಣು ಬಲು ಹಟಮಾರಿ. ತಟ್ಟಿದರೆ ಅಂಚು ಸೀಳುತ್ತಿತ್ತು. ಸೀಳದೆ ಉಳಿದದ್ದು ಒಣಗುವಾಗ ಬಿರಿಯುತ್ತಿತ್ತು. ಬಿರಿಯದೆ ಉಳಿದದ್ದು ಬೆಂಕಿಯಲ್ಲಿ ಪಟಾರನೆ ಸಿಡಿಯುತ್ತಿತ್ತು. ನಮ್ಮ ಕಡೆ ಬೆರೆಸುವ ಹಾಗೆ ಊರಿನಿಂದ ಭತ್ತದ ಹೊಟ್ಟು ತರಿಸಿ ಬೆರೆಸಿದೆವು. ಮಡಕೆ ನಿಂತಿತೇನೋ ಸರಿ, ಒಡೆದು ಸೀಳಿ ನೋಡಿದರೆ ಹೊಟ್ಟು ಸುಟ್ಟುಹೋದ ಜಾಗದಲ್ಲಿ ದೋಣಿಯಾಕಾರದ ಪೊಳ್ಳು. ಹಳೆಯ ಚೂರುಗಳಲ್ಲಿದ್ದ ಪೊಳ್ಳುಗಳು ಕೂದಲಿನಂತೆ ಸಪೂರ, ಉದ್ದ. ಆ ಪೊಳ್ಳಿನಲ್ಲಿ ಒಂದು ಕಾಲಕ್ಕೆ ಏನಿದ್ದಿರಬಹುದೆಂದು ತಲೆ ಕೆಡಿಸಿಕೊಂಡು ಗಿಡ್ಡ ಖರ್ಜೂರದ ಮರಕ್ಕೆ ಒರಗಿ ಕೂತಿದ್ದಾಗ, ಮರದ ಕುತ್ತಿಗೆಯ ನಾರು ನನ್ನ ದುಪಟ್ಟಾಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುತ್ತ ಬಿಡಿಸಿಕೊಳ್ಳುತ್ತ ಕೈ ನಿಂತುಬಿಟ್ಟಿತು.

ನಾರನ್ನು ಕತ್ತರಿಸಿ ಕಲಸಿದ ಮಣ್ಣು ಹಲಿಗೆಗೆ ಬಗ್ಗಿತು. ಬೆಂಕಿ ಆರಿದ ಮೇಲೆ ಬೂದಿ ಸರಿಸಿ ಎತ್ತಿದ ಮಡಕೆಯನ್ನು ಇಂಗ್ರಿಡ್ ಬೆರಳ ಗಣ್ಣಿನಿಂದ ತಟ್ಟಿದಾಗ ಅದು ಗಂಟೆಯ ಹಾಗೆ ನುಡಿಯಿತು. ಮೂರು ಕಲ್ಲು ಹೂಡಿ ಅದರಲ್ಲಿ ಮೀನು ಬೇಯಿಸಿದೆವು. ಪರೀಕ್ಷೆ ಕೆಡುತ್ತದೆಂದು ಉಪ್ಪು, ಹುಳಿ, ಮೆಣಸು ಏನೂ ಹಾಕುವಂತಿಲ್ಲ. ಬರೀ ನೀರು, ಮೀನು. "ಇಷ್ಟು ಕಷ್ಟಪಟ್ಟು ಆಸ್ಪತ್ರೆ ಊಟವಾ?" ಎಂದು ಲವೀನಾ ಮೂತಿ ತಿರುವಿದಳು. ತಿಂದಳು ಮಾತ್ರ ಎಲ್ಲರಿಗಿಂತ ಹೆಚ್ಚು. ಆಮೇಲೆ ಆ ಮಡಕೆಯನ್ನು ಒಡೆದು, ಪ್ರಯೋಗಾಲಯಕ್ಕೆ ತಂದು ಸೀಳಿ, ಹಳೆಯದರ ಪಕ್ಕ ಇಟ್ಟು ನೋಡಿದೆವು. ಅದೇ ಹಸಿರು ಕಣ, ಅದೇ ಕೂದಲಿನಂಥ ಪೊಳ್ಳು, ತಳದಲ್ಲಿ ಅದೇ ಮಸಿ.

ಆ ಸಂಜೆ ಪ್ರಯೋಗಾಲಯದಿಂದ ಮನೆಗೆ ಮರಳುವ ದಾರಿಯುದ್ದಕ್ಕೂ ನಾನು ಆ ಹಳೆಯ ಮಡಕೆ ಮಾಡಿದವಳನ್ನೇ ನೆನೆಯುತ್ತಿದ್ದೆ. ಯಾವ ಹಡಗಿನಲ್ಲಿ, ಯಾರ ಜೊತೆ ಬಂದಳೋ, ಒಪ್ಪಿ ಬಂದಳೋ, ಒಯ್ದರೆಂದು ಬಂದಳೋ. ಅವಳ ಮೊದಲ ಮಡಕೆಗಳೂ ಬಿರಿದಿರಬೇಕು, ಸಿಡಿದಿರಬೇಕು. ಹೊಟ್ಟಿಗಾಗಿ ಹುಡುಕಿ, ಸಿಗದೆ, ಇಲ್ಲಿನವರು ಯಾರೋ ತೋರಿಸಿಯೋ, ನನ್ನಂತೆ ಬಟ್ಟೆ ಸಿಕ್ಕಿಕೊಂಡೋ ಕೊನೆಗೆ ನಾರಿನ ತನಕ ಬಂದಿರಬೇಕು. ಕೈಗೆ ಊರಿನ ಅಭ್ಯಾಸ, ಕೈಯೊಳಗೆ ಪರನೆಲದ ಮಣ್ಣು, ಎರಡನ್ನೂ ಒಪ್ಪಿಸಲು ಇಲ್ಲಿಯದೇ ಒಂದು ನಾರು. ಬದುಕುವುದೆಂದರೆ ಇದಲ್ಲದೆ ಇನ್ನೇನು ಎನ್ನಿಸಿ ಸುಮ್ಮನೆ ಕಣ್ಣು ತುಂಬಿತು. ನನ್ನ ವೃತ್ತಿಜೀವನದಲ್ಲಿ ಸಂತೋಷಕ್ಕೆ ಅತ್ತದ್ದು ಅದೊಂದೇ ಸಲ. ಆ ಸಂತೋಷ ಹೆಚ್ಚು ಕಾಲ ಬಾಳಲಿಲ್ಲ.

ಅಗೆತದಲ್ಲಿ ಸಿಕ್ಕಿದ್ದನ್ನು ಜನರಿಗೆ ತೋರಿಸಲು ಅಬುಧಾಬಿಯ ಖಾಲಿದಿಯಾದ ಒಂದು ಸಭಾಂಗಣದಲ್ಲಿ ಪ್ರದರ್ಶನ ಏರ್ಪಾಟಾಯಿತು. ಖರ್ಚು ಹೊತ್ತವರು ಪ್ರಭಾಕರಣ್ಣ. ಕಾಪು ಕಡೆಯವರು, ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಚಹಾದಂಗಡಿಯಲ್ಲಿ ಲೋಟ ತೊಳೆಯಲು ಬಂದು, ಈಗ ಹಲವು ಹೋಟೆಲುಗಳನ್ನು ನಡೆಸುವವರು. ಊರಿನವರು ಯಾರಿಗೇ ಕೆಲಸ ಹೋಗಲಿ, ಯಾರದೇ ಹೆಣ ಊರಿಗೆ ಕಳಿಸುವುದಿರಲಿ, ಮೊದಲು ಓಡಿಬರುವವರು ಅವರೇ. ನಮ್ಮ ತೀರದ ಮಡಕೆ ಸಿಕ್ಕಿದೆ ಎಂದು ಕೇಳಿಯೇ ಅವರು ಈ ಪ್ರದರ್ಶನಕ್ಕೆ ಕೈ ಹಾಕಿದ್ದರು. ಮಡಕೆಯ ಪಕ್ಕದ ಫಲಕದಲ್ಲಿ ಏನು ಬರೆಯಬೇಕೆಂದು ತೀರ್ಮಾನಿಸಲು ನಾವೆಲ್ಲ ಅವರ ಆಫೀಸಿನಲ್ಲಿ ಸೇರಿದೆವು. ಮಡಕೆ ಇಲ್ಲಿಯದೇ, ಮಾಡಿದ ಕೈ ಮಾತ್ರ ಆಚೆ ದಡದ್ದು ಎಂದು ನಾನು ವಿವರಿಸಿದೆ. ಅವರ ಮುಖ ಸಪ್ಪಗಾಯಿತು.

"ತಂಗಿ, ನಮ್ಮ ಊರಿನ ಮಡಕೆ ಸಮುದ್ರ ದಾಟಿ ಬಂತು ಅಂದ್ರೆ ಅದೊಂದು ಗೌರವ," ಎಂದರು. "ಆ ಕಾಲದಲ್ಲೇ ನಮ್ಮವರು ವ್ಯಾಪಾರ ಮಾಡ್ತಿದ್ರು ಅಂತ ಆಗ್ತದೆ. ಯಾರೋ ಒಬ್ಬಳು ಕೆಲಸಕ್ಕೆ ಬಂದು, ಇಲ್ಲಿ ನೆಲದಲ್ಲಿ ಕೂತು ಮಡಕೆ ತಟ್ಟಿದ್ಲು ಅಂದ್ರೆ ಎಂತ ಹೇಳಿದ ಹಾಗಾಯ್ತು?"

"ನಾವೆಲ್ಲ ಹಾಗೇ ಬಂದವರಲ್ವಾ ಅಣ್ಣ?"

ಅವರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. "ಹೌದು. ಅದನ್ನು ಗಾಜಿನೊಳಗೆ ಇಡ್ಲಿಕ್ಕೆ ಆಗ್ತದಾ?"

ನಾನು ಇಂಗ್ರಿಡ್‌ಳ ಕಡೆ ತಿರುಗಿದೆ. ಬೂದಿ ಮೆತ್ತಿದ ಕೈಯಿಂದ ಮಡಕೆಯನ್ನು ಎತ್ತಿ ಹಿಡಿದು ಮಗುವಿನ ಹಾಗೆ ಕುಣಿದವಳು, ಮುಂದಿನ ಚಳಿಗಾಲದ ಅಗೆತಕ್ಕೂ ಪ್ರಭಾಕರಣ್ಣನನ್ನೇ ನಂಬಿದ್ದವಳು, ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದಳು. "'ಭಾರತೀಯ ಮಡಕೆ' ಅಂತ ಬರೆಯೋಣ. ಅದು ಸುಳ್ಳೇನಲ್ಲವಲ್ಲ," ಎಂದಳು. "ಸೂಕ್ಷ್ಮಗಳನ್ನು ವಿದ್ವಾಂಸರಿಗಾಗಿ ಬೇರೆ ಕಡೆ ಬರೆಯುತ್ತೇನೆ." ಆ ಎರಡು ಪದಗಳ ಹಿಂದೆ 'ಹಡಗಿನಲ್ಲಿ ಬಂದ' ಎಂಬುದು ಸೇರಿಕೊಳ್ಳಲು ಆ ಸಭೆ ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹಾಗಿದ್ದರೆ ಫಲಕದಲ್ಲಿ ನನ್ನ ಹೆಸರು ಬೇಡ ಎಂದೆ. ಯಾರೂ ಒತ್ತಾಯಿಸಲಿಲ್ಲ. ಹೆಸರು ತೆಗೆಯುವುದು ಎಷ್ಟು ಸುಲಭದ ಕೆಲಸ ಎಂಬುದು ನನಗೆ ಗೊತ್ತಾದದ್ದು ಆಗ.

ಯೋಚಿಸಿ ನೋಡಿ, ಲೋಕದ ಎಲ್ಲ ವಸ್ತುಸಂಗ್ರಹಗಳಲ್ಲೂ ಪಾತ್ರೆಗಳು ಪ್ರಯಾಣ ಮಾಡುತ್ತವೆ, ಮಣಿಗಳು ಕಡಲು ದಾಟುತ್ತವೆ, ತಾಮ್ರ ಊರೂರು ಸುತ್ತುತ್ತದೆ. ಬಾಣದ ಗುರುತುಗಳು ನಕ್ಷೆಯ ತುಂಬ ಹಾರಾಡುತ್ತವೆ. ಮನುಷ್ಯರು ಮಾತ್ರ ಎಲ್ಲಿಗೂ ಹೋದಂತೆ, ಎಲ್ಲಿಯೂ ನಿಂತಂತೆ ಕಾಣುವುದಿಲ್ಲ. ಸರಕು ಬಂದರೆ ಅದು ಸಂಸ್ಕೃತಿ. ಆಳು ಬಂದರೆ ಅದು ಬರೀ ಹೊಟ್ಟೆಪಾಡು. ಇದನ್ನು ಪರದೇಶದವರು ಹೇಳಿದ್ದರೆ ಜಗಳ ಕಾಯಬಹುದಿತ್ತು. ಹೇಳಿದ್ದು ಲೋಟ ತೊಳೆದ ನಮ್ಮವರದೇ ಕೈ. ಆ ಕೈಗೆ ತನ್ನ ಬಗ್ಗೆಯೇ ಅಷ್ಟೊಂದು ನಾಚಿಕೆಯಿತ್ತೆಂಬುದು ನನಗೆ ಇವತ್ತಿಗೂ ಕಹಿ.

ಪ್ರದರ್ಶನದ ಉದ್ಘಾಟನೆಗೆ ಲವೀನಾ ನನ್ನನ್ನು ಎಳೆದುಕೊಂಡೇ ಹೋದಳು. ನಮ್ಮವರೆಲ್ಲ ಜರಿಯುಟ್ಟು ಬಂದಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಚೂರುಗಳನ್ನು ಜೋಡಿಸಿ ನಿಲ್ಲಿಸಿದ ಮಡಕೆಯ ಮೇಲೆ ಹಳದಿ ಬೆಳಕು ಬಿದ್ದಿತ್ತು. ಮಸಿಯನ್ನು ಸ್ವಚ್ಛವಾಗಿ ಒರೆಸಿಬಿಟ್ಟಿದ್ದರು. ಪ್ರಭಾಕರಣ್ಣ ಮಾತಾಡಿದರು, ಚಪ್ಪಾಳೆ ಬಿತ್ತು, ಮಕ್ಕಳು ಇಂಗ್ಲಿಷಿನಲ್ಲಿ 'ಹೌ ಓಲ್ಡ್' ಎಂದು ಕೇಳಿ ಐಸ್‌ಕ್ರೀಮಿನ ಕಡೆ ಓಡಿದವು. "ಒರೆಸಿದ್ದು ನೋಡು," ಎಂದಳು ಲವೀನಾ. "ಅಡುಗೆ ಮಾಡಿದ್ದೇ ಸುಳ್ಳು ಅಂತ ಆಯ್ತು." ಅಷ್ಟು ಹೇಳಿ ಅವಳು ನೀರು ಕುಡಿಯಲು ಹೋದಳು.

ಜನ ಊಟದ ಕಡೆಗೆ ಸರಿದ ಮೇಲೆ ಪ್ರಭಾಕರಣ್ಣ ತಾವಾಗಿ ನನ್ನ ಪಕ್ಕ ಬಂದು ನಿಂತರು.

"ಕೋಪ ಉಂಟಾ ತಂಗಿ?"

"ಉಂಟು."

ಅವರು ತಲೆಯಾಡಿಸಿದರು. ಮಡಕೆಯ ಕಡೆ ತಿರುಗಿ, ಬೇರೆ ಯಾರಿಗೂ ಹೇಳದ ಒಂದು ಮಾತನ್ನು ಹೇಳಿದರು. "ಹೋಟೆಲುಗಳನ್ನೆಲ್ಲ ಪಾಲುದಾರರಿಗೆ ಬಿಟ್ಟೆ. ವೀಸಾ ಮುಗಿತಾ ಬಂತು, ಇನ್ನು ಮಾಡಿಸುದಿಲ್ಲ. ಖಲಾಸ್. ಇಷ್ಟು ವರ್ಷ ಇದ್ದದ್ದಕ್ಕೆ ಇಲ್ಲಿ ನನ್ನದು ಅಂತ ಒಂದು ಗೋಡೆಯೂ ಇಲ್ಲ. ನಮ್ಮದು ಅಂತ ಒಂದು ಮಡಕೆಯಾದ್ರೂ ಇರ್ಲಿ ಅಂತ ಕಂಡಿತು."

ನನ್ನ ಸಿಟ್ಟೆಲ್ಲ ಒಮ್ಮೆಗೇ ನೆಲ ತಪ್ಪಿದ ಹಾಗಾಯಿತು. ಸುಮ್ಮನಿದ್ದಿದ್ದರೆ ಅದು ದಯೆಯೆನಿಸುತ್ತಿತ್ತೋ ಏನೋ. ಆದರೆ ಸುಮ್ಮನಿರಲು ಆಗಲಿಲ್ಲ.

"ಅಣ್ಣ, ಅವಳು ಇಲ್ಲೇ ಇದ್ಲು. ಇಲ್ಲಿಯ ಮಣ್ಣಲ್ಲಿ ಮಾಡಿದ್ಲು, ಇಲ್ಲೇ ಉಂಡ್ಲು. ನಮ್ಮದು ಅಂತ ಇಲ್ಲಿ ಇದ್ದದ್ದು ಅದೊಂದೇ. ಅದನ್ನೇ ನೀವು ಅಳಿಸಿ, 'ಬಂದದ್ದು' ಅಂತ ಬರೆಸಿದ್ರಿ."

ಅವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ತಾವೇ ಬರೆಸಿದ ಫಲಕವನ್ನು ಬಗ್ಗಿ, ಹೊಸದಾಗಿ ಅಕ್ಷರ ಕಲಿತವರ ಹಾಗೆ ಒಂದೊಂದೇ ಪದ ಓದಿದರು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ಆಚೆ ಕಡೆಯಿಂದ ಯಾರೋ ಅವರ ಹೆಸರು ಹಿಡಿದು ಕರೆಯುತ್ತಿದ್ದರು, ಫೋಟೋಕ್ಕೆ ಎಲ್ಲರೂ ಕಾಯುತ್ತಿದ್ದಾರೆಂದು. ಅವರು ಕನ್ನಡಕ ಮಡಚಿ ಒಳಗಿಟ್ಟರು.

"ಯಲ್ಲಾ ತಂಗಿ, ನಡಿ," ಎಂದರು ನನ್ನ ಮುಖ ನೋಡದೆ. "ಊಟ ತಣಿತದೆ."