ಎಲಾದಿಯೋನ ಮೂವತ್ತೆರಡನೇ ಪಂದ್ಯ

ಎಲಾದಿಯೋ ಬೆನಿತೆಸ್ ನಮ್ಮ ತಂಡದ ಮ್ಯಾನೇಜರ್ ಆದದ್ದು ಸಂಕಟ ತಡೆಯಲಾರದೆ. ೧೯೯೪ರ ಬೇಸಿಗೆ, ಅಮೆರಿಕದಲ್ಲೇ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಆ ಜ್ವರ ಹತ್ತಿ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನಾವು ಹನ್ನೊಂದು ಜನ ಕನ್ನಡಿಗರು ಶನಿವಾರ ಪಾರ್ಕಿನಲ್ಲಿ ಚೆಂಡು ಒದೆಯಲು ಶುರುಮಾಡಿದ್ದೆವು. ಅಲ್ಲಿ ಹುಲ್ಲು ಕತ್ತರಿಸುತ್ತಿದ್ದವನೊಬ್ಬ ಹತ್ತು ನಿಮಿಷ ನೋಡಿ, ಯಂತ್ರ ನಿಲ್ಲಿಸಿ ನಮ್ಮ ಬಳಿಗೆ ಬಂದ. ನಿಮಗೆ ಯಾರೂ ಹೇಳಿಕೊಟ್ಟಿಲ್ಲವೇ ಎಂದು ಕೇಳಿದ.

ಪರಾಗ್ವೆಯ ಎರಡನೇ ದರ್ಜೆಯ ಲೀಗಿನಲ್ಲಿ ಒಂಬತ್ತು ವರ್ಷ ಆಡಿದವನು. ಮಂಡಿ ಹೋಯಿತು, ಅಕ್ಕನ ಹಿಂದೆ ಇಲ್ಲಿಗೆ ಬಂದ. ಮೂರು ವರ್ಷ ನಮ್ಮನ್ನು ತಿದ್ದಿದ. ಆಡಿದ ಪಂದ್ಯ ಮೂವತ್ತೊಂದು, ಸೋತದ್ದೂ ಮೂವತ್ತೊಂದು. ತಪ್ಪು ಅವನದಲ್ಲ. ನಾವು ಮೈದಾನದಲ್ಲಿ ವಾದ ಮಾಡುತ್ತಿದ್ದೆವೇ ಹೊರತು ಓಡುತ್ತಿರಲಿಲ್ಲ. ಗೋಲು ಹೊಡೆಯಬೇಕಾದ ಮುಂಚೂಣಿ ಆಟಗಾರ ಡಾಕ್ಟರ್ ರಾಮಲಿಂಗಪ್ಪನವರಿಗೆ ಐವತ್ತೆಂಟು ವಯಸ್ಸು. ಸಾಲದ್ದಕ್ಕೆ ಕನ್ನಡ ಸಂಘದ ಅಧ್ಯಕ್ಷರು. ಹೊರಗೆ ಬನ್ನಿ ಸಾರ್ ಎನ್ನಲು ಯಾರಿಗೂ ಬಾಯಿಲ್ಲ. ಅವರ ಹೆಂಡತಿ ಶಾಂತವ್ವನವರು ಗದುಗಿನವರು. ವಿರಾಮದಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸುವರು, ಬೇಡವೆಂದರೆ ನೊಂದುಕೊಳ್ಳುವರು. ಆಮೇಲೆ ನಮ್ಮ ತಂಡ ಮದುವೆ ಊಟದಿಂದ ಎದ್ದವರ ಹಾಗೆ ಅಡ್ಡಾಡುತ್ತಿತ್ತು.

೧೯೯೭ರಲ್ಲಿ ಹತ್ತಿರದ ಹೈಸ್ಕೂಲೊಂದಕ್ಕೆ ಕೋಚ್ ಬೇಕಾಗಿತ್ತು. ಎಲಾದಿಯೋ ಅರ್ಜಿ ಹಾಕಿದ. ಅಲ್ಲಿನ ಕ್ರೀಡಾ ಮುಖ್ಯಸ್ಥ ವಾಲೇಸ್, ನೀನು ತಯಾರು ಮಾಡಿದ ತಂಡ ತೋರಿಸು, ಒಂದು ಪಂದ್ಯ ನೋಡುತ್ತೇನೆ ಎಂದ. ತೋರಿಸಲು ಇದ್ದದ್ದು ನಾವು. "ಇದೊಂದು ಗೆದ್ದುಕೊಡಿ, ಹುಲ್ಲು ಕತ್ತರಿಸಿ ಸಾಕಾಗಿದೆ," ಎಂದು ಎಲಾದಿಯೋ ಕೇಳಿಕೊಂಡ. ನಾನು ಗೋಲ್‌ಕೀಪರ್, ನಮ್ಮ ಯೋಗ್ಯತೆ ನನ್ನಷ್ಟು ಬಲ್ಲವರಿಲ್ಲ.

ಎದುರಾಳಿಗಳು ಬಾಲ್ಟಿಮೋರಿನ ವಿಮಾ ಕಚೇರಿಯವರು. ವಿರಾಮದ ಹೊತ್ತಿಗೆ ಅವರದು ಒಂದು ಗೋಲು, ನಮ್ಮದು ಸೊನ್ನೆ. ಶಾಂತವ್ವನವರು ಡಬ್ಬಿ ತೆರೆಯುತ್ತಿದ್ದಂತೆ ಎಲಾದಿಯೋ ನನ್ನನ್ನು ಪಕ್ಕಕ್ಕೆ ಎಳೆದು, ನಿಮ್ಮಲ್ಲಿ ಅತಿಥಿಗಳಿಗೆ ಕೊನೆಗೆ ಬಡಿಸುವುದು ಪದ್ಧತಿಯೇ ಎಂದು ಆಕೆಯನ್ನು ಕೇಳು ಎಂದ. ಕೇಳಿದೆ. ಆಕೆಯ ಮುಖ ಸಣ್ಣದಾಯಿತು.

"ಅಯ್ಯ, ಖರೇನ. ಬಂದ ಮಂದಿ ಉಪಾಸ ನಿಂತಾರ, ನಾ ಮನಿ ಮಂದಿಗೆ ಬಡಸಾಕತ್ತೀನಿ."

ಡಬ್ಬಿಗಳು ಎದುರಾಳಿಗಳ ಕಡೆಗೆ ಹೋದವು. ಸಾಕು ಎಂದವರಿಗೆ ಮತ್ತೊಂದು ಹೋಳಿಗೆ, ಅದರ ಮೇಲೆ ತುಪ್ಪ. "ತಗೋರಿ, ದೂರದಿಂದ ಬಂದೀರಿ," ಎಂದು ಒತ್ತಾಯ ಬೇರೆ. ಬಾಲ್ಟಿಮೋರ್ ಅಲ್ಲಿಗೆ ಅರ್ಧ ಗಂಟೆ. ವಾಲೇಸನೂ ಅತಿಥಿಯೇ ಆದ್ದರಿಂದ ಅವನಿಗೆ ನಾಲ್ಕು ಹೋಳಿಗೆ ಬಿದ್ದವು.

"ಶಾಂತಾ, ನನಗ?" ಎಂದರು ರಾಮಲಿಂಗಪ್ಪನವರು.

"ನೀವು ಮನಿಯವರಲ್ಲೇನ್ರೀ? ಆಮ್ಯಾಲೆ."

ಹಸಿದ ಹೊಟ್ಟೆಯಲ್ಲಿ ನಾವು ಮೊದಲ ಸಲ ಓಡಿದೆವು. ಎದುರಾಳಿಗಳು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಕಲ್ಮೇಶ್ ಒಂದು ಗೋಲು ಹೊಡೆದ. ಇನ್ನೊಂದು ರಾಮಲಿಂಗಪ್ಪನವರ ಬೆನ್ನಿಗೆ ಬಡಿದು ತಾನೇ ಒಳಹೋಯಿತು. ಗೆದ್ದೆವು.

ಕುಣಿಯುತ್ತ ವಾಲೇಸನ ಬಳಿಗೆ ಓಡಿದೆವು. ಅವನು ಮಡಚು ಕುರ್ಚಿಯಲ್ಲಿ, ಮುಖದ ಮೇಲೆ ಟೋಪಿ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಎರಡು ಗೋಲನ್ನೂ ಅವನು ನೋಡಿರಲಿಲ್ಲ. ಎಲಾದಿಯೋ ಹುಲ್ಲಿನ ಮೇಲೆ ಕುಳಿತ. ನಮ್ಮ ಕೈಯಾರೆ ಅವನ ಬಾಳು ಹಾಳುಮಾಡಿದೆವಲ್ಲ ಎಂದು ನನಗೆ ಅಳುವೇ ಬಂತು.

ಕಲ್ಮೇಶ್ ಭುಜ ಅಲುಗಿಸಿದಾಗ ವಾಲೇಸ್ ಎದ್ದ. ನಾವು ಗೆದ್ದೆವು, ದೇವರಾಣೆ ಗೆದ್ದೆವು ಎಂದು ಎಲ್ಲರೂ ಒಟ್ಟಿಗೆ ಶುರುಮಾಡಿದೆವು. ಅವನು ಕೈಯೆತ್ತಿ ತಡೆದು ಎಲಾದಿಯೋ ಕಡೆಗೆ ತಿರುಗಿದ.

"ಗೆಲುವು ಹಾಗಿರಲಿ. ನಾನು ಮೊದಲರ್ಧದಲ್ಲೇ ತೀರ್ಮಾನ ಮಾಡಿಯಾಗಿತ್ತು. ಆ ಹಿರಿಯರು ಮೂರು ಸಲ ತಮ್ಮ ಗೋಲಿನ ಕಡೆಗೇ ಒದ್ದರು. ನೀನು ಮೂರು ಸಲವೂ ಚಪ್ಪಾಳೆ ತಟ್ಟಿ ಧೈರ್ಯ ಹೇಳಿದೆ. ಇವರನ್ನು ಮೂರು ವರ್ಷ ಸಹಿಸಿದವನಿಗೆ ನನ್ನ ಶಾಲೆಯ ಮಕ್ಕಳು ಯಾವ ಮಹಾ? ಸೋಮವಾರ ಬಂದು ಸಹಿ ಹಾಕು."

ಎಲಾದಿಯೋ ನಮ್ಮನ್ನು ಒಬ್ಬೊಬ್ಬರಾಗಿ ತಬ್ಬಿಕೊಂಡು ಅತ್ತ. ಹಿಗ್ಗಬೇಕೋ ಮಾನ ಹೋಯಿತೆನ್ನಬೇಕೋ ನಮಗೆ ತಿಳಿಯಲಿಲ್ಲ. ರಾಮಲಿಂಗಪ್ಪನವರಿಗೆ ಮಾತ್ರ ಆ ಗೊಂದಲವಿರಲಿಲ್ಲ. ತಣ್ಣಗಾದ ರೊಟ್ಟಿ ಮುರಿಯುತ್ತ, ಎದೆಯುಬ್ಬಿಸಿ ಹೇಳಿದರು:

"ನಾ ಎಲ್ಲೆರೆ ಚಲೋ ಆಡಿದ್ದರ, ಇವನ ಕೆಲಸಾ ಹೋಗತಿತ್ತು ನೋಡ್ರಿ."