ಕೊಡದೊಳಗಿನ ಕಾದಂಬರಿ

ಇವತ್ತು ಬೆಳಿಗ್ಗೆ ಗ್ರಂಥಾಲಯದ ಕಪಾಟು ತೆರೆದೆ ನೋಡಿ, ಹುಳ ಬೀಳದಿರಲೆಂದು ಪುಸ್ತಕಗಳ ನಡುವೆ ಇಟ್ಟ ಒಣ ಬೇವಿನೆಲೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹೋದ ವರ್ಷ ಮೆಣಸಿನಕಾಯಿ ಸುಗ್ಗಿಯಲ್ಲಿ ಇದೇ ಕಪಾಟಿನಿಂದ ತೆಗೆದ ಹರಕು ಪುಸ್ತಕವೊಂದು ನೆನಪಾಗಿ ಒಬ್ಬಳೇ ನಿಂತು ನಕ್ಕೆ.

ಕುಬಿಹಾಳದ ಹತ್ತಿರದ ಸಣ್ಣ ಊರೊಂದರ ಗ್ರಂಥಪಾಲಕಿ ನಾನು. ಆಗೆಲ್ಲ ಮೊಬೈಲ್ ಕಂಡರೆ ನನಗೆ ಮೈ ಉರಿ. ನನ್ನಲ್ಲಿಗೆ ಬರುವವರಲ್ಲಿ ಅರ್ಧ ಜನ ವೈಫೈಗೆ ಬರುವವರು. ಪೇಪರನ್ನು ಕೆಳಗೆ ಹಾಸಿ, ಅದರ ಮೇಲೆ ಮೊಬೈಲ್ ಇಟ್ಟುಕೊಂಡು ರೀಲ್ಸ್ ನೋಡುವವರು. ಬೈದು ಬೈದು ಸಾಕಾಗಿ ನಾನೂ ಓದುಗರ ವಾಟ್ಸಾಪ್ ಗುಂಪು ಮಾಡಿದೆ. ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿ, ದನಿ ಮುದ್ರಿಸಿ ಹಾಕುತ್ತಿದ್ದೆ. ಎಲ್ಲರೂ ಹೆಬ್ಬೆರಳು ಎತ್ತುತ್ತಿದ್ದರು. ಒಬ್ಬರೂ ಕೇಳುತ್ತಿರಲಿಲ್ಲ ಎಂದೇ ನನ್ನ ಅನುಮಾನ.

ಒಂದು ದಿನ ಅವಸರದಲ್ಲಿ ಅಧ್ಯಾಯ ಬೇರೆ ಗುಂಪಿಗೆ ಹೋಯಿತು. ಅದು ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳದು. ನಾಳೆ ಯಾರ ಹೊಲ ಎಂದು ತಿಳಿಸಿಕೊಳ್ಳಲು ನಾನೇ ಮಾಡಿಕೊಟ್ಟದ್ದು. ನಾಚಿಕೊಂಡು ಅಳಿಸಲು ಹೋಗುವಷ್ಟರಲ್ಲಿ ಅವರ ಮುಂದಾಳು ಗಂಗವ್ವನ ಫೋನು ಬಂತು.

“ಅಕ್ಕೋರ, ಮುಂದ ಏನಾತ್ರಿ? ಲಗೂನ ಕಳಸ್ರಿ. ಫೋನ್ ಖಾಲಿ ಕೊಡದಾಗ ಇಟ್ಟೇವಿ, ಹೊಲದ ತುಂಬ ಅಗದಿ ಛಲೋ ಕೇಳಸ್ತದ!”

ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂದಿನ ರಟ್ಟು ಹರಿದು ಹೆಸರೂ ಉಳಿಯದ ಹಳೆಯ ಕಾದಂಬರಿ ಅದು, ಮುನಿಸಿಕೊಂಡ ಅಕ್ಕತಂಗಿಯರ ಕತೆ. ನಾಟಕದವಳ ಹಾಗೆ ದನಿ ಏರಿಸಿ ಇಳಿಸಿ ಓದಿದ್ದೇ ಓದಿದ್ದು. ಕಡೆಗೆ ತಂಗಿ ಅಕ್ಕನ ಊರಿನ ದಾರಿ ಹಿಡಿದಳು. ಪುಟ ತಿರುವಿದರೆ ಬರೀ ರಟ್ಟು! ಕೊನೆಯ ಪುಟಗಳೇ ಇಲ್ಲ. ಇಷ್ಟು ವರ್ಷದ ಗ್ರಂಥಪಾಲಕಿ, ಅದನ್ನೂ ನೋಡದೆ ಓದಲು ಕೂತಿದ್ದೆ.

ಕೊನೆಯ ಪುಟಗಳಿಲ್ಲ ಎಂದು ಗುಂಪಿನಲ್ಲಿ ಹೇಳಿದೆ. ಸಂಜೆ ಗಂಗವ್ವ ಹೊಲದಿಂದ ನೇರ ಬಂದಳು. “ಆಕಿ ಅಕ್ಕನ ಮನಿಗೆ ಹೋದ್ಲೋ ಇಲ್ಲೋ? ಅಕ್ಕ ಬಾಗಲಾ ತಗದ್ಲೋ ಇಲ್ಲೋ?”

“ಅದು ಕತಿ ಅಲ್ಲೇನ್ ಗಂಗವ್ವ...”

“ನಿಮಗ ಕತಿರಿ.” ತಲೆ ತಗ್ಗಿಸಿ ಹೇಳಿದಳು: ಅವ್ವ ತೀರಿಕೊಂಡ ಸುದ್ದಿಯನ್ನು ಗುಡಗೇರಿಯ ಅಕ್ಕ ತಡವಾಗಿ ಕಳಿಸಿದ್ದಳು. ಇವಳಿಗೆ ಅವ್ವನ ಮುಖ ನೋಡಲು ಸಿಗಲಿಲ್ಲ. ಅಂದಿನಿಂದ ಅಕ್ಕನೊಡನೆ ಮಾತಿಲ್ಲ.

ನನಗೆ ತಡೆಯಲಾಗಲಿಲ್ಲ. ಪುಸ್ತಕದ ಕೆಲವು ಪುಟಗಳ ಫೋಟೊ ತೆಗೆದು ಗ್ರಂಥಪಾಲಕರ ಗುಂಪಿಗೆ ಹಾಕಿ, ಇದರ ಕೊನೆ ಯಾರ ಹತ್ತಿರ ಇದೆ ಎಂದು ಕೇಳಿದೆ. ಮೂರನೇ ದಿನ ಅಣ್ಣಿಗೇರಿ ಕಡೆಯ ಗೆಳತಿಯೊಬ್ಬಳು ಎರಡು ಪುಟ ಕಳಿಸಿದಳು. ಕುಣಿದುಬಿಟ್ಟೆ! ಆಮೇಲೆ ಓದಿದೆ. ತಂಗಿ ಬಾಗಿಲು ತಲುಪುವ ಹೊತ್ತಿಗೆ ಅಕ್ಕ ತೀರಿಹೋಗಿದ್ದಳು.

ಇದನ್ನು ಗಂಗವ್ವನಿಗೆ ಹೇಗೆ ಓದಲಿ? ಬದಲಿಸಿ ಓದಲೇ? ಕೈಯಲ್ಲಿ ಮೊಬೈಲ್ ಹಿಡಿದು ಒದ್ದಾಡುತ್ತಿದ್ದಾಗ ಹೆಣ್ಣುಮಕ್ಕಳ ಗುಂಪಿನಲ್ಲಿ ಅವಳದೇ ದನಿ ಬಂತು.

“ನಿಮ್ಮ ಪುಟ ಸಿಗೂತನಕ ಯಾರ್ ಕಾಯ್ತಾರ್ರಿ? ನಾ ಗುಡಗೇರ್ಯಾಗ ಅದೀನಿ. ಅಕ್ಕ ಬಾಜೂಕ ಕುಂತಾಳ. ಸಿಕ್ಕಿದ್ರ ಓದ್ರಿ, ಇಬ್ರೂ ಕೇಳ್ತೇವಿ.”

ಒಂದಕ್ಷರ ಬದಲಿಸದೆ ಓದಿದೆ. ಸ್ವಲ್ಪ ಹೊತ್ತಿಗೆ ಹೊಸದೊಂದು ದನಿ ಬಂತು, ಅಕ್ಕನದು. “ಇಷ್ಟ್ ತಡಾ ಮಾಡೂದೇನಿತ್ತ ಆ ಕತ್ಯಾಗಿನ ಹುಚ್ಚಖೋಡಿಗೆ? ನಮ್ಮಾಕಿ ಶ್ಯಾಣ್ಯಾಕಿ ನೋಡ್ರಿ.” ಕೇಳಿ ಅತ್ತುಬಿಟ್ಟೆ, ಸಂತೋಷಕ್ಕೆ.

ಈಗ ಮತ್ತೆ ಸುಗ್ಗಿ. ಹೊಸ ಪುಸ್ತಕ ಕೈಯಲ್ಲಿದೆ, ಕೊನೆಯ ಪುಟ ಇದೆಯೇ ಎಂದು ಮೊದಲೇ ನೋಡಿದ್ದೇನೆ. ಮೊಬೈಲಿನಲ್ಲಿ ಗುಡಗೇರಿ ಅಕ್ಕನ ಸಂದೇಶ ಬಂದು ಕೂತಿದೆ: “ಅಕ್ಕೋರ, ಈ ಸಲ ನಾನೂ ತಂಗಿ ಊರಿಗೆ ಬಂದೇನಿ. ಇಬ್ರೂ ಮೆಣಸಿನಗಿಡದ ಒಂದ ಸಾಲಿಗೆ ನಿಂತೇವಿ. ಚಾಲೂ ಮಾಡ್ರಿ!”